ಪ್ರವೇಶದ ವೇಳೆ ಮುಚ್ಚಳಿಕೆಗೆ ಸಹಿ ಹಾಕುವ ಮುನ್ನ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿರಲಿ, ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯವಿರಲಿ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವಿರಲಿ, ಪ್ರವೇಶದ ಅರ್ಜಿಯೊಂದಿಗೆ ಮುಚ್ಚಳಿಕೆ ಪತ್ರಗಳಿಗೂ ಸಹಿ ಹಾಕುವುದು ರೂಢಿ. ಶುಲ್ಕ ತುಂಬುವ ಕೊನೆಯ ದಿನ ಮುಂಜಾನೆಯ ಬಸ್ಸಿಗೆ ಬಂದು ಸರತಿಯಲ್ಲಿ ನಿಂತ ಪಾಲಕರು ಅವುಗಳನ್ನು ಓದದೆಯೇ ಸಹಿ ಮಾಡಿಬಿಡುತ್ತಾರೆ. ದಯವಿಟ್ಟು ಓದಿರಿ, ಸಹಿಗೆ ಮೊದಲು ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿರಿ.

ಓದುವಾಗ ಪ್ರತಿ ವಾಕ್ಯದ ಕೊನೆಯ ಕ್ರಿಯಾಪದವನ್ನು ಗಮನಿಸಬೇಕು. ‘ರ‍್ಯಾಗಿಂಗ್ ಮಾಡುವುದಿಲ್ಲ’, ‘ಪರೀಕ್ಷೆಯಲ್ಲಿ ನಕಲು ಮಾಡುವುದಿಲ್ಲ’ ಎಂಬವು ನಡತೆಗೆ ಸಂಬಂಧಿಸಿದ ಮಾತುಗಳು. ರ‍್ಯಾಗಿಂಗ್ ಕುರಿತ ಮುಚ್ಚಳಿಕೆಯನ್ನು ವಿದ್ಯಾರ್ಥಿಯಿಂದಲೂ ಪಾಲಕರಿಂದಲೂ ಪಡೆಯಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ನಿಯಮಾವಳಿಯೇ ಹೇಳುತ್ತದೆ, ಅದಕ್ಕೆ ಹಿಂಜರಿಯದೆ ಸಹಿ ಹಾಕಬಹುದು. ಆದರೆ ‘ಇಂಥ ವಿಚಾರವನ್ನು ನಂಬುತ್ತೇನೆ’, ‘ಇಂಥ ನೀತಿಯನ್ನು ಟೀಕಿಸುವುದಿಲ್ಲ’, ‘ಯಾವ ಸಂಘಟನೆಯನ್ನೂ ಸೇರುವುದಿಲ್ಲ’ ಎಂದಿದ್ದರೆ, ಅದು ಎಡದ ವಿಚಾರವಾಗಲಿ ಬಲದ ವಿಚಾರವಾಗಲಿ, ನಿಮಗೇ ಪ್ರಿಯವಾದ ವಿಚಾರವಾಗಲಿ, ಅಲ್ಲಿ ತಡೆದು ನಿಲ್ಲಬೇಕು.

ಆಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಯಾವ ಕಾನೂನಿನ ಅಡಿಯಲ್ಲಿ ಕೇಳುತ್ತಿದ್ದೀರಿ? ಸಂವಿಧಾನದ 19(1)(ಎ) ವಿಧಿ ಕೊಟ್ಟ ವಾಕ್ ಸ್ವಾತಂತ್ರ್ಯವನ್ನು 19(2)ರಲ್ಲಿ ಹೆಸರಿಸಿದ ಕಾರಣಗಳಿಗಾಗಿ, ಅದೂ ಕಾನೂನಿನ ಮೂಲಕವೇ ಮಿತಿಗೊಳಿಸಬಹುದೇ ಹೊರತು ಬರೀ ಸುತ್ತೋಲೆಯಿಂದಲ್ಲ. ಕೇರಳದಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಧಾರ್ಮಿಕ ಕಾರಣಕ್ಕೆ ಹಾಡದಿದ್ದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದಾಗ, ಸುಪ್ರೀಂ ಕೋರ್ಟ್ 1986ರ ಬಿಜೋ ಇಮ್ಯಾನುಯೆಲ್ ತೀರ್ಪಿನಲ್ಲಿ ಇಲಾಖೆಯ ಸುತ್ತೋಲೆಗಳಿಗೆ ಆ ಬಲವಿಲ್ಲವೆಂದು ಹೇಳಿ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ತಾನೇ ರೂಪಿಸಿದ ನಿಷ್ಠಾ ಪ್ರಮಾಣಕ್ಕೆ ಸಹಿ ಹಾಕದ 31 ಅಧ್ಯಾಪಕರನ್ನು 1950ರಲ್ಲಿ ವಜಾಗೊಳಿಸಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ರಾಜ್ಯದ ಕಾನೂನು ವಿಧಿಸಿದ ಪ್ರಮಾಣದ ಆಚೆಗೆ ಇನ್ನೊಂದನ್ನು ಕೇಳಲು ವಿಶ್ವವಿದ್ಯಾಲಯಕ್ಕೆ ಅಧಿಕಾರವಿಲ್ಲವೆಂದು ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟ್ 1952ರಲ್ಲಿ ತೀರ್ಮಾನಿಸಿತು.

ಹಾಗೆಂದು ಸಹಿ ನಿರಾಕರಿಸಿ ಸೀಟು ಕಳೆದುಕೊಳ್ಳಿರೆಂದು ನಾನು ಯಾವ ವಿದ್ಯಾರ್ಥಿಗೂ ಹೇಳಲಾರೆ, ಏಕೆಂದರೆ ಬಡವರ ಮನೆಯ ಮಗುವಿಗೆ ಹೋದ ವರ್ಷ ಮರಳಿ ಸಿಗುವುದಿಲ್ಲ. ಸಹಿ ಹಾಕಲೇಬೇಕಾದರೆ ಅದೇ ದಿನ ಕುಲಸಚಿವರಿಗೆ ಒಂದು ಪುಟದ ಪತ್ರ ಬರೆದು, ಯಾವ ವಾಕ್ಯಕ್ಕೆ ಆಕ್ಷೇಪವಿದೆಯೆಂದು ಅದನ್ನು ಉಲ್ಲೇಖಿಸಿಯೇ ತಿಳಿಸಿ, ಆಕ್ಷೇಪಣೆಯೊಂದಿಗೆ ಸಹಿ ಹಾಕಿದ್ದೇನೆಂದು ದಾಖಲಿಸಿ, ಆವಕ ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಳ್ಳಬೇಕು. ಸಹಿ ಬಿದ್ದ ಮೇಲೆ ಹಕ್ಕು ಹೋಯಿತೆಂಬ ಭಯ ಬೇಡ. ಮುಂಬೈಯ ಪಾದಚಾರಿ ಮಾರ್ಗದ ನಿವಾಸಿಗಳು ಗುಡಿಸಲುಗಳ ತೆರವಿಗೆ ಅಡ್ಡಿಪಡಿಸುವುದಿಲ್ಲವೆಂದು ಹೈಕೋರ್ಟಿಗೆ ಮುಚ್ಚಳಿಕೆ ಕೊಟ್ಟಿದ್ದರೂ, ಮೂಲಭೂತ ಹಕ್ಕನ್ನು ಹಾಗೆ ಬಿಟ್ಟುಕೊಡಲು ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1985ರ ಓಲ್ಗಾ ಟೆಲ್ಲಿಸ್ ತೀರ್ಪಿನಲ್ಲಿ ಹೇಳಿ ಅವರ ಅರ್ಜಿಗಳನ್ನು ಆಲಿಸಿತು.

ನಂತರ ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದಗಳ ಮಿತಿ. ‘ಏಕೆ’ ಎಂದು ಕೇಳದೆ, ಮುಚ್ಚಳಿಕೆಗೆ ಆಧಾರವಾದ ಪರಿನಿಯಮದ (ವಿಶ್ವವಿದ್ಯಾಲಯದ ಸ್ಟ್ಯಾಚ್ಯೂಟ್) ಮತ್ತು ಆಡಳಿತ ಮಂಡಳಿಯಾದ ಸಿಂಡಿಕೇಟಿನ ನಿರ್ಣಯದ ಪ್ರತಿಗಳನ್ನು ಕೇಳಬೇಕು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುತ್ತದೆ. ಜೊತೆಜೊತೆಗೇ ಯುಜಿಸಿಯ 2023ರ ನಿಯಮಾವಳಿಯಂತೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಕೊಡಬಹುದು. ಅಲ್ಲಿ ನ್ಯಾಯ ಸಿಗದಿದ್ದರೆ ವಿದ್ಯಾರ್ಥಿಗಳ ಮೇಲ್ಮನವಿ ಆಲಿಸಲೆಂದೇ ನೇಮಕವಾದ ಓಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ ಇದೆ.

ಇವೆಲ್ಲ ಸರಕಾರಿ ವಿಶ್ವವಿದ್ಯಾಲಯಗಳಿಗೆ ಸಲ್ಲುವ ಮಾತು. ಖಾಸಗಿ ಸಂಸ್ಥೆಗಳ ವಿರುದ್ಧ 19ನೇ ವಿಧಿಯನ್ನು ಇಷ್ಟು ನೇರವಾಗಿ ಬಳಸಲಾಗದು. ಕೊನೆಯ ದಾರಿ ಸಂವಿಧಾನದ 226ನೇ ವಿಧಿಯಂತೆ ನೇರವಾಗಿ ಹೈಕೋರ್ಟಿಗೆ ಸಲ್ಲಿಸುವ ರಿಟ್ ಅರ್ಜಿ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳವರು ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ಹೈಕೋರ್ಟಿನ ಪೀಠ ಧಾರವಾಡದಲ್ಲಿಯೇ ಇದೆ. ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿರುವುದರಿಂದ, ಮುದ್ರೆ ಬಿದ್ದ ಆ ಪತ್ರದ ಪ್ರತಿಯನ್ನು ಹಿಡಿದು ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿರಿ.