ಲೈವ್‌ಪ್ಯಾಚ್ ಹಾಕುವ ಮೊದಲು ಓಡುತ್ತಿರುವ ಕರ್ನಲ್ ಯಾವುದೆಂದು ನೋಡಿ

ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಒಂದು ಸಹಕಾರ ಸಂಘದ ಲೆಕ್ಕಪತ್ರದ್ದು. ಮಾರ್ಚ್ ಕೊನೆಯ ವಾರದಲ್ಲಿ ಅದನ್ನು ರೀಬೂಟ್ ಮಾಡುತ್ತೇನೆಂದರೆ ಅಲ್ಲಿನ ಕಾರ್ಯದರ್ಶಿಗಳು ಫೋನ್ ಇಟ್ಟೇಬಿಡುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ಕರ್ನಲ್‌ನ (ಯಂತ್ರವನ್ನು ನಡೆಸುವ ತಂತ್ರಾಂಶದ ತಿರುಳು) ಭದ್ರತಾ ಲೋಪಗಳು ವರ್ಷಾಂತ್ಯದ ಲೆಕ್ಕ ಮುಗಿಯಲೆಂದು ಕಾಯುವುದಿಲ್ಲ. ಈ ಇಕ್ಕಟ್ಟಿಗಾಗಿಯೇ ಉಬುಂಟು ಲಿನಕ್ಸ್‌ನ ಲೈವ್‌ಪ್ಯಾಚ್ ಸೇವೆ ಇದೆ: ರೀಬೂಟ್ ಮಾಡದೆ, ಓಡುತ್ತಿರುವ ಕರ್ನಲ್‌ಗೇ ತಿದ್ದುಪಡಿಯ ತೇಪೆ ಹಾಕುತ್ತದೆ. ವೈಯಕ್ತಿಕ ಬಳಕೆಗೆ ಉಬುಂಟು ಪ್ರೋ ಖಾತೆಯಲ್ಲಿ ಐದು ಯಂತ್ರಗಳವರೆಗೆ ಉಚಿತ; ಅದಕ್ಕಿಂತ ಹೆಚ್ಚಾದರೆ ಹಣ ಕೊಡಬೇಕು.

ಸೇವೆಯನ್ನು ಚಾಲೂ ಮಾಡುವುದು ಎರಡು ಸಾಲಿನ ಕೆಲಸ. ಮಾಡಿದವರೆಲ್ಲ ಅಲ್ಲಿಗೇ ನಿಲ್ಲುತ್ತಾರೆ ಎಂಬುದೇ ನನ್ನ ತಕರಾರು. ನಿಮ್ಮ ಕರ್ನಲ್‌ಗೂ ಸೇವೆಗೂ ಹೊಂದಾಣಿಕೆ ಇದೆಯೇ ಎಂದು ನೋಡದಿದ್ದರೆ ಯಂತ್ರಕ್ಕೆ ಒಂದು ತೇಪೆಯೂ ಬೀಳದೆ ತಿಂಗಳುಗಟ್ಟಲೆ ಹೋಗಬಹುದು. ಆದೇಶಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಮೊದಲು ‘ಯುನೇಮ್ -ಆರ್’ ಎಂದು ಕೇಳಿ. ‘5.15.0-91-ಜೆನೆರಿಕ್’ ಎಂಬಂಥ ಉತ್ತರ ಬರುತ್ತದೆ. ಇದರಲ್ಲಿ ಮೂರು ಸಂಗತಿಗಳಿವೆ. 5.15 ಎಂಬುದು ಸರಣಿ, 91 ಎಂಬುದು ಉಬುಂಟು ಆ ಸರಣಿಯಲ್ಲಿ ಹೊರತಂದ ನಿರ್ದಿಷ್ಟ ಬಿಡುಗಡೆ, ಜೆನೆರಿಕ್ ಎಂಬುದು ಬಗೆ. ಮೋಡದ ಸರ್ವರ್‌ಗಳಲ್ಲಿ ಕೊನೆಯ ಪದ ಎಡಬ್ಲ್ಯುಎಸ್, ಅಜೂರ್, ಜಿಸಿಪಿ ಎಂದೂ ಇರುತ್ತದೆ. ಇಲ್ಲಿ ಕಾಣುವುದು ಈಗ ಓಡುತ್ತಿರುವ ಕರ್ನಲ್ ಎಂಬುದನ್ನು ಮರೆಯಬೇಡಿ. ನಿನ್ನೆ ರಾತ್ರಿ ಆಪ್ಟ್ (ಉಬುಂಟುವಿನಲ್ಲಿ ಪ್ಯಾಕೇಜ್‌ಗಳನ್ನು ತಂದು ಹಾಕುವ ಸಾಧನ) ಹೊಸ ಕರ್ನಲ್ ತಂದು ಡಿಸ್ಕಿನಲ್ಲಿ ಇಟ್ಟಿರಬಹುದು; ರೀಬೂಟ್ ಆಗುವವರೆಗೆ ಅದು ಬರೀ ಫೈಲು.

ಇಷ್ಟು ನಿಖರತೆ ಏಕೆ ಬೇಕೆಂದರೆ, ಲೈವ್‌ಪ್ಯಾಚ್ ಎಂದರೆ ಒಂದು ಕರ್ನಲ್ ಮಾಡ್ಯೂಲ್, ಅಂದರೆ ಓಡುತ್ತಿರುವ ಕರ್ನಲ್‌ಗೆ ಸೇರಿಸಬಹುದಾದ ಕೋಡಿನ ತುಣುಕು. ಕರ್ನಲನ್ನು ಕಂಪೈಲ್ ಮಾಡುವಾಗಲೇ ಬಹುತೇಕ ಪ್ರತಿ ಫಂಕ್ಷನ್ನಿನ ಬಾಯಲ್ಲಿ ಏನೂ ಮಾಡದ ಒಂದು ಸಣ್ಣ ಸೂಚನೆಗೆ ಜಾಗ ಬಿಟ್ಟಿರುತ್ತಾರೆ. ಲೋಪವಿರುವ ಫಂಕ್ಷನ್ನನ್ನು ಯಾರಾದರೂ ಕರೆದರೆ ಎಫ್‌ಟ್ರೇಸ್ ಎಂಬ ವ್ಯವಸ್ಥೆ ಆ ಜಾಗದಲ್ಲಿ ಕರೆಯನ್ನು ತಡೆದು, ಮಾಡ್ಯೂಲಿನಲ್ಲಿರುವ ತಿದ್ದಿದ ಫಂಕ್ಷನ್ನಿಗೆ ತಿರುಗಿಸುತ್ತದೆ. ಹಳೆಯ ಕೋಡ್ ಸ್ಮೃತಿಯಲ್ಲೇ ಉಳಿಯುತ್ತದೆ, ಅದರ ಹತ್ತಿರ ಯಾರೂ ಸುಳಿಯುವುದಿಲ್ಲ, ಅಷ್ಟೆ. ಹೀಗಾಗಿ ತೇಪೆ ಎಂಬುದು ಅಳತೆ ಕೊಟ್ಟು ಹೊಲಿಸಿದ ರವಿಕೆ: 91ಕ್ಕೆ ಹೊಲಿದದ್ದು 92ಕ್ಕೆ ಕೂರುವುದಿಲ್ಲ. ಲಿನಕ್ಸ್‌ನ ಮೂಲ ಕರ್ನಲ್‌ಗೆ ಈ ಸೌಲಭ್ಯ ಸೇರಿದ್ದು 2015ರ 4.0 ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಎಂಐಟಿಯಲ್ಲಿ ಹುಟ್ಟಿದ ಕೆಸ್ಪ್ಲೈಸ್ ಇತ್ತು. 2011ರಲ್ಲಿ ಒರಾಕಲ್ ಅದನ್ನು ಕೊಂಡುಕೊಂಡಿತು. ರೆಡ್ ಹ್ಯಾಟ್‌ನ ಕೆಪ್ಯಾಚ್, ಸೂಸೆಯ ಕೆಗ್ರಾಫ್ಟ್ ಬಂದವು. ಹೆಸರು ಯಾವುದಾದರೂ ನಿಯಮ ಒಂದೇ: ಆ ಸೇವೆಯವರು ತಾವೇ ಲೆಕ್ಕವಿಟ್ಟ ಕರ್ನಲ್‌ಗೆ ಮಾತ್ರ ತೇಪೆ.

ಹಾಗಾದರೆ ಉಬುಂಟು ಯಾವುದಕ್ಕೆ ಲೆಕ್ಕವಿಡುತ್ತದೆ? ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಬಿಡುಗಡೆಗಳ ಅಧಿಕೃತ ಕರ್ನಲ್‌ಗಳಿಗೆ. 20.04ಕ್ಕೆ 5.4, 22.04ಕ್ಕೆ 5.15, 24.04ಕ್ಕೆ 6.8 ಮೂಲ ಸರಣಿಗಳು. ನಡುವಿನ ಒಂಬತ್ತು ತಿಂಗಳ ಬಿಡುಗಡೆಗಳಿಗೆ ಇಲ್ಲ. ನೀವೇ ಕಂಪೈಲ್ ಮಾಡಿಕೊಂಡದ್ದಕ್ಕೂ, ಹೊಸತೆಂಬ ಆಸೆಗೆ ಮೇನ್‌ಲೈನ್ ಸಂಗ್ರಹದಿಂದ ಇಳಿಸಿಕೊಂಡದ್ದಕ್ಕೂ ಇಲ್ಲ. ಹೊಸ ಯಂತ್ರಾಂಶಕ್ಕಾಗಿ ಕೊಡುವ ಎಚ್‌ಡಬ್ಲ್ಯುಇ ಕರ್ನಲ್‌ಗಳದು ಸ್ವಲ್ಪ ಗೋಜಲು. ಆ ಸರಣಿ ಸುಮಾರು ಆರು ತಿಂಗಳಿಗೊಮ್ಮೆ ಬದಲಾಗುವುದರಿಂದ ನಿಮ್ಮದಕ್ಕೆ ಈಗ ಬೆಂಬಲವಿದೆಯೇ ಎಂದು ಉಬುಂಟುವಿನ ಪಟ್ಟಿಯಲ್ಲೇ ನೋಡಬೇಕು. ಡೆಸ್ಕ್‌ಟಾಪ್ ಅನುಸ್ಥಾಪನೆ ತಾನಾಗಿ ಎಚ್‌ಡಬ್ಲ್ಯುಇ ಹಾಕುತ್ತದೆ, ಸರ್ವರ್ ಮೂಲ ಸರಣಿಯನ್ನು ಹಾಕುತ್ತದೆ. ಡೆಸ್ಕ್‌ಟಾಪ್ ಡಿಸ್ಕಿನಿಂದ ಸರ್ವರ್ ಮಾಡಿಕೊಂಡವರಿಗೆ ಇದು ಗೊತ್ತೇ ಇರುವುದಿಲ್ಲ.

ಅಗ್ಗದ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಕೊಂಡವರು ಇನ್ನೊಂದು ವಿಷಯ ನೋಡಬೇಕು. ‘ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್’ ಎಂದು ಕೇಳಿದಾಗ ಓಪನ್‌ವಿಝಡ್ ಅಥವಾ ಎಲ್‌ಎಕ್ಸ್‌ಸಿ ಎಂದು ಬಂದರೆ ಅಲ್ಲಿ ನಿಮ್ಮದೆಂಬ ಕರ್ನಲ್ಲೇ ಇಲ್ಲ. ಆತಿಥೇಯ ಯಂತ್ರದ್ದನ್ನು ಹಂಚಿಕೊಂಡಿದ್ದೀರಿ. ತೇಪೆ ಹಾಕಬೇಕಾದವರು ಅದರ ಒಡೆಯರು. ಡಾಕರ್ ಕಂಟೇನರಿಗೂ ಇದೇ ಮಾತು. ಕೆವಿಎಂ ಎಂದು ಬಂದರೆ ಕರ್ನಲ್ ನಿಮ್ಮದೇ, ಮುಂದುವರಿಯಿರಿ.

‘ಸುಡೊ ಪ್ರೋ ಅಟ್ಯಾಚ್’ ಎಂದು ಬರೆದು ಖಾತೆಯ ಟೋಕನ್ ಕೊಡಿ, ಬಳಿಕ ‘ಸುಡೊ ಪ್ರೋ ಎನೇಬಲ್ ಲೈವ್‌ಪ್ಯಾಚ್’. ಈಗ ‘ಪ್ರೋ ಸ್ಟೇಟಸ್’ ನೋಡಿದರೆ ಲೈವ್‌ಪ್ಯಾಚ್ ಮುಂದೆ ಚಾಲೂ ಎಂದು ಕಾಣುತ್ತದೆ. ಆ ಒಂದು ಪದವನ್ನು ನಂಬಿ ಎದ್ದುಹೋಗಬೇಡಿ. ‘ಕೆನೋನಿಕಲ್-ಲೈವ್‌ಪ್ಯಾಚ್ ಸ್ಟೇಟಸ್’ ಎಂದು ಕೇಳಿ ಮೂರು ಸಾಲು ಓದಿ. ಒಂದು, ಸೇವೆಯ ಸರ್ವರ್ ಜೊತೆ ಸಂಪರ್ಕ ಆಯಿತೇ. ಪ್ರಾಕ್ಸಿಯ ಹಿಂದಿರುವ ಕಚೇರಿಗಳಲ್ಲಿ ಇದು ಮೊದಲು ಕೈಕೊಡುತ್ತದೆ. ಎರಡು, ಕರ್ನಲ್ ಸ್ಥಿತಿ. ನಿಮ್ಮ ಸರಣಿಗೆ ರಕ್ಷಣೆ ಇದೆ ಎಂದು ಇಲ್ಲಿ ಬರಬೇಕು. ಮೂರು, ತೇಪೆಯ ಸ್ಥಿತಿ. ಇಲ್ಲಿ ‘ಈ ಕರ್ನಲ್‌ಗೆ ಸದ್ಯ ತೇಪೆ ಬೇಕಿಲ್ಲ’ ಎಂಬರ್ಥದ ಸಾಲು ಬಂದರೆ ಹೆದರಬೇಡಿ, ಹೊಸ ಕರ್ನಲ್‌ಗೆ ಅದು ಸಹಜ. ಎರಡನೆಯ ಸಾಲು ಸರಿಯಿಲ್ಲದಿದ್ದರೆ ಮಾತ್ರ ಮೂರನೆಯದಕ್ಕೆ ಅರ್ಥವಿಲ್ಲ.

ಬೆಂಬಲವಿಲ್ಲ ಎಂದು ಬಂದರೆ ಮೂಲ ಸರಣಿಗೆ ಮರಳುವುದೇ ದಾರಿ: ‘ಲಿನಕ್ಸ್-ಜೆನೆರಿಕ್’ ಪ್ಯಾಕೇಜ್ ಹಾಕಿ. ಇಲ್ಲೊಂದು ತೊಡಕಿದೆ. ಯಂತ್ರ ಏಳುವಾಗ ಕರ್ನಲ್ ಆರಿಸುವ ಗ್ರಬ್, ಬೇರೆ ಹೇಳದಿದ್ದರೆ, ದೊಡ್ಡ ಸಂಖ್ಯೆಯ ಕರ್ನಲನ್ನೇ ಆರಿಸುತ್ತದೆ. 22.04ರಲ್ಲಿ ಎಚ್‌ಡಬ್ಲ್ಯುಇ ತಂದ 6.8 ಪಕ್ಕದಲ್ಲಿ 5.15 ಹಾಕಿ ರೀಬೂಟ್ ಮಾಡಿದರೆ ಮತ್ತೆ 6.8 ಮೇಲೆಯೇ ಏಳುತ್ತದೆ. ಬೂಟ್ ಮೆನುವಿನ ಸುಧಾರಿತ ಆಯ್ಕೆಗಳಲ್ಲಿ 5.15 ಆರಿಸಿ, ಜಾಲ, ಡಿಸ್ಕ್ ಎಲ್ಲ ಸರಿಯಿದೆಯೇ ನೋಡಿ, ಆಮೇಲೆ ಎಚ್‌ಡಬ್ಲ್ಯುಇ ಪ್ಯಾಕೇಜನ್ನೂ ಅದು ತಂದ ಕರ್ನಲ್‌ಗಳನ್ನೂ ತೆಗೆಯಿರಿ. ತೀರಾ ಹೊಸ ವೈಫೈ ಚಿಪ್ ಹಳೆಯ ಸರಣಿಯಲ್ಲಿ ಏಳದಿದ್ದರೆ ಹಟ ಮಾಡಬೇಡಿ. ಆ ಯಂತ್ರಕ್ಕೆ ಎಚ್‌ಡಬ್ಲ್ಯುಇ ಇರಲಿ, ರೀಬೂಟಿಗೆ ದಿನ ಗೊತ್ತುಮಾಡಿ.

ತೇಪೆ ಬಿದ್ದ ಮೇಲೂ ‘ಯುನೇಮ್ -ಆರ್’ ಹಳೆಯ ಸಂಖ್ಯೆಯನ್ನೇ ಹೇಳುತ್ತದೆ. ಲೆಕ್ಕಪರಿಶೋಧನೆಗೆ ಬರುವವರ ಸ್ಕ್ಯಾನರ್‌ಗಳಲ್ಲಿ ಹಲವು ಆ ಸಂಖ್ಯೆ ನೋಡಿಯೇ ಕೆಂಪು ಗುರುತು ಹಾಕುತ್ತವೆ. ಅವರಿಗೆ ಕೊಡಲು ‘ಕೆನೋನಿಕಲ್-ಲೈವ್‌ಪ್ಯಾಚ್ ಸ್ಟೇಟಸ್ --ವರ್ಬೋಸ್’ ಕೊಡುವ ಸಿವಿಇ (ಭದ್ರತಾ ಲೋಪಗಳ ಗುರುತು ಸಂಖ್ಯೆ) ಪಟ್ಟಿಯನ್ನು ಮುದ್ರಿಸಿಟ್ಟುಕೊಳ್ಳಿ. ವಾದಕ್ಕಿಂತ ಕಾಗದ ಬೇಗ ಕೆಲಸ ಮಾಡುತ್ತದೆ. ನಿಮಗೇ ಖಾತ್ರಿ ಬೇಕಿದ್ದರೆ ‘/ಸಿಸ್/ಕರ್ನಲ್/ಲೈವ್‌ಪ್ಯಾಚ್’ ಡೈರೆಕ್ಟರಿ ತೆರೆದು ನೋಡಿ. ಪ್ರತಿ ತೇಪೆಗೂ ಒಂದು ಹೆಸರು, ಒಳಗೆ ‘ಎನೇಬಲ್ಡ್’ ಮತ್ತು ‘ಟ್ರಾನ್ಸಿಷನ್’ ಎಂಬ ಎರಡು ಫೈಲುಗಳು. ಮೊದಲನೆಯದರಲ್ಲಿ 1, ಎರಡನೆಯದರಲ್ಲಿ 0 ಇದ್ದರೆ ಕೆಲಸ ಮುಗಿದಿದೆ. ಎರಡನೆಯದು ಬಹಳ ಹೊತ್ತು 1 ಆಗಿಯೇ ಉಳಿದರೆ ಯಾವುದೋ ಪ್ರಕ್ರಿಯೆ ಹಳೆಯ ಫಂಕ್ಷನ್ನಿನೊಳಗೇ ಮಲಗಿದೆ ಎಂದರ್ಥ. ‘/ಪ್ರಾಕ್’ ಕೆಳಗೆ ಪ್ರತಿ ಪ್ರಕ್ರಿಯೆಯ ‘ಪ್ಯಾಚ್_ಸ್ಟೇಟ್’ ಫೈಲಿನಲ್ಲಿ ಆಗ 0 ಇರುವುದನ್ನು ಹುಡುಕಿದರೆ ಕಳ್ಳ ಸಿಗುತ್ತಾನೆ.

ಈ ಸೇವೆ ಎಲ್ಲ ಲೋಪಗಳನ್ನೂ ಮುಚ್ಚುವುದಿಲ್ಲ. ತೀವ್ರವಾದವು ಮಾತ್ರ ಅದರ ಪಾಲಿನವು. ಅವುಗಳಲ್ಲೂ ಕೆಲವು ಫಂಕ್ಷನ್ ಬದಲಿಸಿ ಸರಿಪಡಿಸುವಂಥವಲ್ಲ. 2018ರಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ಲೋಪ ಬಯಲಾದಾಗ ಕರ್ನಲ್‌ನ ಸ್ಮೃತಿ ವಿನ್ಯಾಸವನ್ನೇ ಬದಲಿಸಬೇಕಾಯಿತು. ಉಬುಂಟು ಬಳಕೆದಾರರು ರೀಬೂಟ್ ಮಾಡಲೇಬೇಕಾಯಿತು. ಓಪನ್‌ಎಸ್‌ಎಸ್‌ಎಲ್, ಜಿಲಿಬ್‌ಸಿಯಂಥ ತಂತ್ರಾಂಶ ಗ್ರಂಥಾಲಯಗಳಂತೂ ಕರ್ನಲ್‌ನ ಹೊರಗಿನವು. ಡಿಕೆಎಂಎಸ್ ಮೂಲಕ ನೀವೇ ಸೇರಿಸಿಕೊಂಡ ಚಾಲಕಗಳೂ ಹೊರಗಿನವೇ.

ಬೆಂಬಲಕ್ಕೆ ಅವಧಿಯೂ ಇದೆ. ಒಂದು ಕರ್ನಲ್ ಬಿಡುಗಡೆಗೆ ತೇಪೆಗಳು ಬರುವುದು ಸೀಮಿತ ಅವಧಿಗೆ ಮಾತ್ರ, ಆಮೇಲೆ ಹೊಸದಕ್ಕೆ ಏರಿ ಎನ್ನುತ್ತಾರೆ. ನಾನು ಸಂಘದ ಸರ್ವರಿಗೆ ಏಪ್ರಿಲ್ ಮಧ್ಯದ ಒಂದು ಭಾನುವಾರ, ದಸರೆಯ ರಜೆಯಲ್ಲಿ ಇನ್ನೊಂದು ದಿನ ಎಂದು ಬರೆದಿಟ್ಟಿದ್ದೇನೆ. ಆ ದಿನ ಬ್ಯಾಕಪ್ ತೆಗೆದುಕೊಂಡು, ಆಪ್ಟ್ ಮೂಲಕ ಎಲ್ಲ ನವೀಕರಿಸಿ, ರೀಬೂಟ್ ಮಾಡಿ, ಮತ್ತೆ ‘ಯುನೇಮ್ -ಆರ್’ ಕೇಳಿ. ಸಂಖ್ಯೆ ಬದಲಾಗಿದ್ದರೆ ಲೈವ್‌ಪ್ಯಾಚ್ ಸ್ಥಿತಿಯ ಆ ಮೂರು ಸಾಲುಗಳನ್ನು ಇನ್ನೊಮ್ಮೆ ಓದಿ. ಬದಲಾಗಿಲ್ಲದಿದ್ದರೆ ಗ್ರಬ್‌ನಲ್ಲಿ ಯಾರೋ ಹಳೆಯ ಕರ್ನಲನ್ನು ಕಟ್ಟಿಹಾಕಿರಬಹುದು. ‘/ಈಟಿಸಿ/ಡಿಫಾಲ್ಟ್/ಗ್ರಬ್’ ಫೈಲಿನ ‘ಗ್ರಬ್_ಡಿಫಾಲ್ಟ್’ ಸಾಲು ನೋಡಿ. ಅದೊಂದು ಹೆಸರು ಮಾತ್ರ ದೊಡ್ಡ ಅಕ್ಷರಗಳಲ್ಲಿರುತ್ತದೆ.