ನಾಯಕಿಯ ಫೋಟೊ ತಂದವಳಿಗೆ ಅಳತೆ ತೆಗೆಯುವುದು ಹೇಗೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ರವಿಕೆ ಹೊಲಿಯುವ ನಾನು ಕಲಿಯಲು ಬರುವ ಹುಡುಗಿಯರಿಗೆ ಮೊದಲು ಹೇಳುವುದು ಇದು: ಅಳತೆಯನ್ನು ಕೂಗಿ ಹೇಳಬೇಡಿ, ಬರೆದುಕೊಳ್ಳಿ. ಮೊಬೈಲಿನಲ್ಲಿ ನಾಯಕಿಯ ಫೋಟೊ ತೋರಿಸಿದರೆ ಕೊರಳು, ತೋಳು ಮಾತ್ರ ನೋಡಿ. ಆಕೆಯ ಸೊಂಟ ನಮ್ಮ ಕೆಲಸಕ್ಕೆ ಬಾರದು. ಫೋಟೊ ತೆಗೆಯುವಾಗ ಎಷ್ಟೋ ಸಲ ಬೆನ್ನ ಹಿಂದೆ ಪಿನ್ನು ಹಾಕಿ ಬಿಗಿ ಮಾಡಿರುತ್ತಾರೆ, ಅದನ್ನೂ ತಿಳಿಸಿ.

“ಮದುವೆಯ ಹೊತ್ತಿಗೆ ಸಣ್ಣಗಾಗುತ್ತೇನೆ, ಎರಡು ಇಂಚು ಕಡಿಮೆ ಹಿಡಿಯಿರಿ ಅಕ್ಕಾ” ಎಂದರೆ ಒಪ್ಪಬೇಡಿ. ಇವತ್ತಿನ ಮೈಗೇ ಕತ್ತರಿಸಿ. ಎರಡೂ ಪಕ್ಕಕ್ಕೆ ಒಂದೊಂದು ಇಂಚು ಬಟ್ಟೆ ಒಳಗೆ ಬಿಟ್ಟು ಸಾಲಾಗಿ ಮೂರು ಹೊಲಿಗೆ ಹಾಕಿ. ಸಡಿಲ ಬೇಕಾದರೆ ಒಂದನ್ನು ಬಿಚ್ಚಿದರಾಯಿತು.

ಕೊಬ್ಬು ತೆಗೆಸುವ ಮಾತು ಬಂದರೆ ಮಾತ್ರ ನಾನು ಸುಮ್ಮನಿರುವುದಿಲ್ಲ. 2022ರಲ್ಲಿ ಬೆಂಗಳೂರಿನಲ್ಲಿ ಅಂಥ ಶಸ್ತ್ರಚಿಕಿತ್ಸೆಯ ಬಳಿಕ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು; ವಯಸ್ಸು 21.

ಜೊತೆಗೆ ಬಂದ ಅತ್ತೆ “ದಪ್ಪಗಾಗಿದ್ದಾಳೆ” ಎಂದು ಶುರು ಮಾಡಿದರೆ ಅವರಿಗೂ ಟೇಪು ಹಿಡಿಯಿರಿ.