ಠೇವಣಿ ವಂಚನೆ: ಚಾರ್ಜ್‌ಶೀಟಿಗೆ ಮೊದಲು ಕಟ್ಟಬೇಕಾದ ಕಡತ

ಖಾಸಗಿ ತನಿಖೆಗಾರನಿಗೆ ಜಪ್ತಿ ಮಾಡುವ ಅಧಿಕಾರವಿಲ್ಲ, ಯಾರನ್ನೂ ಕರೆಸಿ ವಿಚಾರಿಸುವ ಅಧಿಕಾರವೂ ಇಲ್ಲ. ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಬಡ್ಡಿಯ ಆಸೆಗೆ ಕಂಪೆನಿಗಳಲ್ಲಿ ಹಣವಿಟ್ಟು ಮೋಸಹೋದ ಠೇವಣಿದಾರರಿಗಾಗಿ ನಾನು ಮಾಡುವುದು ಕಡತ ಕಟ್ಟುವ ಕೆಲಸ ಮಾತ್ರ.

ಮೊದಲು ಪ್ರತಿಯೊಬ್ಬರಿಂದ ಲಿಖಿತ ಒಪ್ಪಿಗೆ. ಆಮೇಲೆ ಎಕ್ಸೆಲ್ ಪಟ್ಟಿ: ತಾರೀಕು, ಮೊತ್ತ, ನಗದೋ ಬ್ಯಾಂಕೋ, ಯುಟಿಆರ್ ಸಂಖ್ಯೆ (ಬ್ಯಾಂಕ್ ವರ್ಗಾವಣೆಯ ಗುರುತುಸಂಖ್ಯೆ), ಹಣ ಹೋದ ಖಾತೆ, ರಸೀದಿಗೆ ಸಹಿ ಹಾಕಿದವರು, ದಾಖಲೆಯ ಸಂಖ್ಯೆ. ದಾಖಲೆಯಿಲ್ಲದ ಸಾಲುಗಳಿಗೆ ಬೇರೆಯೇ ಹಾಳೆ.

ಹೆಚ್ಚಿನ ದೂರುಗಳು ಸಡಿಲವಾಗುವುದು ಬಡ್ಡಿಯಲ್ಲಿ. 5 ಲಕ್ಷ ಇಟ್ಟವರಿಗೆ ಲಕ್ಷಕ್ಕೆ ತಿಂಗಳಿಗೆ 2,000ದಂತೆ 14 ತಿಂಗಳು ಬಂದಿದ್ದರೆ 1,40,000 ಕೈಸೇರಿದೆ. ಅದನ್ನು ಮುಚ್ಚಿಟ್ಟರೆ ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಮೊದಲು ಹಿಡಿಯುವುದು ಅದನ್ನೇ. ಬರೆದರೆ ನಮಗೇ ಉಪಯೋಗ. ಕಂಪೆನಿಯ ಬ್ಯಾಂಕ್ ಸ್ಟೇಟ್‌ಮೆಂಟ್ ನನಗೆ ಸಿಗುವುದಿಲ್ಲ. ಆದರೆ ನಲ್ವತ್ತು ಠೇವಣಿದಾರರ ಪಾಸ್‌ಬುಕ್ಕುಗಳನ್ನು ತಾರೀಕಿನ ಪ್ರಕಾರ ಒಂದೇ ಪಟ್ಟಿಗೆ ತಂದರೆ, ಒಬ್ಬರ ಠೇವಣಿ ಜಮೆಯಾದ ಮರುದಿನ ಅದೇ ಖಾತೆಯಿಂದ ಇನ್ನೊಬ್ಬರಿಗೆ ಬಡ್ಡಿ ಹೋದದ್ದು ಕಾಣುತ್ತದೆ. ಇಷ್ಟೇ ಪುರಾವೆಯಾಗದು. ಆದರೆ ಯಾವ ಖಾತೆಯ ವಿವರ ತರಿಸಬೇಕೆಂದು ಪೊಲೀಸರಿಗೆ ತಿಳಿಯುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 94ನೇ ಕಲಮಿನ ಪ್ರಕಾರ ಕೇಳುವ ಅಧಿಕಾರ ಅವರಿಗಿದೆ.

ಪರಿಚಯದ ಬ್ಯಾಂಕ್ ನೌಕರರಿಂದ ಪರರ ಸ್ಟೇಟ್‌ಮೆಂಟ್, ಯಾರಿಂದಲೋ ಫೋನ್ ಕರೆಗಳ ಪಟ್ಟಿ ತರಿಸಿದರೆ ತನಿಖೆಗಾರನೇ ಆರೋಪಿಯಾದಾನು. ನೇರದಾರಿಯಲ್ಲೇ ಸಿಗುವುದು ಸಾಕಷ್ಟಿದೆ. ಕಂಪೆನಿ ಸಲ್ಲಿಸಿದ ಕಾಗದಗಳು ಕೇಂದ್ರ ಕಂಪೆನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿದರೆ ಸಿಗುತ್ತವೆ. ಜಮೀನಿನ ಇಸಿ (ಋಣಭಾರ ಪತ್ರ) ತೆಗೆಸುವಾಗ ಗಡಿಯ ತಲಪಾಡಿಯ ಈಚೆಗೆ ಕೇರಳ ನೋಂದಣಿ ಇಲಾಖೆ, ಆಚೆಗೆ ಕರ್ನಾಟಕ ನೋಂದಣಿ ಇಲಾಖೆಯ ‘ಕಾವೇರಿ’ ಪೋರ್ಟಲ್, ಎರಡನ್ನೂ ನೋಡಬೇಕು. ಸಂಬಂಧಿಕರ ಹೆಸರಿಗೆ ಇತ್ತೀಚೆಗೆ ದಾನಪತ್ರವಾಗಿದ್ದರೆ ಗುರುತು ಹಾಕಿಡುತ್ತೇನೆ. ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, 2019ರ ಅಡಿ ಆಸ್ತಿ ಮುಟ್ಟುಗೋಲಿಗೆ ಅದು ಬೇಕಾಗುತ್ತದೆ.

ಠೇವಣಿದಾರರು ಮೊಬೈಲಿನಿಂದ ಇಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟಿನ ಪಿಡಿಎಫ್ ನನ್ನ ಪಟ್ಟಿಗೆ ಸಾಕು, ಕೋರ್ಟಿಗೆ ಸಾಲದು. ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಆಕ್ಟ್, 1891ರ 2ಎ ಕಲಮಿನ ಪ್ರಮಾಣಪತ್ರದೊಂದಿಗೆ ಶಾಖೆಯಿಂದಲೇ ಪಡೆಯಬೇಕು. ವಾಟ್ಸಾಪ್‌ನದು ಇನ್ನೂ ಸೂಕ್ಷ್ಮ. ಸ್ಕ್ರೀನ್‌ಶಾಟ್ ನಂಬಿ ಹಳೆಯ ಫೋನ್ ಮಾರಿದವರು ತುಂಬಾ ಮಂದಿ. 2024 ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರದಲ್ಲಿ ಎ ಭಾಗಕ್ಕೆ ಫೋನ್ ಯಾರ ಕೈಯಲ್ಲಿದೆಯೋ ಅವರ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ. ಎರಡರಲ್ಲೂ ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯ ಬರೆಯಬೇಕು. ಫೈಲಿನಲ್ಲಿ ಒಂದು ಅಕ್ಷರ ತಿದ್ದಿದರೂ ಅದು ಬದಲಾಗುತ್ತದೆ.

ಇಲ್ಲಿ ರಸೀದಿ ಮಲಯಾಳದಲ್ಲಿ, ಡೈರಿ ಕನ್ನಡದಲ್ಲಿ, ವಾಯ್ಸ್ ಮೆಸೇಜ್ ತುಳುವಿನಲ್ಲಿ ಇರುತ್ತವೆ. ಅನುವಾದಕ ಊರಿನವನೇ ಆಗಬೇಕು. ಡೈರಿಯ ‘ಕುರಿ 5,000’ ಎಂದರೆ ಚಿಟ್‌ಫಂಡು. ಹೊರಗಿನವರ ಕೈಗೆ ಕೊಟ್ಟರೆ ಅದು ಕೊಟ್ಟಿಗೆ ಸೇರುತ್ತದೆ!

ಮೂಲ ದಾಖಲೆಗಳನ್ನು ನಾನು ಇಟ್ಟುಕೊಳ್ಳುವುದಿಲ್ಲ. ಠೇವಣಿದಾರರೇ ಅವನ್ನು ತನಿಖಾಧಿಕಾರಿಗೆ ಕೊಟ್ಟು, ಮಹಜರಿನಲ್ಲಿ ಒಂದೊಂದರ ಸಂಖ್ಯೆಯೂ ನನ್ನ ಪಟ್ಟಿಯಲ್ಲಿರುವಂತೆಯೇ ಬಂದಿದೆಯೇ ಎಂದು ನೋಡಿ ಸಹಿ ಹಾಕಬೇಕು.